ಮುರಕಲ್ಲಿನ ನೆಲದಲ್ಲಿ ಮೆಟಲ್ ಡಿಟೆಕ್ಟರ್: ಗುಂಡಿಗಳ ಪರಿಚಯ, ಶಾಸನದ ಗದ್ಯಾಣದ ವಿಚಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಶಾಸನ ಓದಲು ಹೋದಾಗ ಊರವರಿಂದ ಮೊದಲು ಬರುವ ಪ್ರಶ್ನೆ: “ಇದರ ಅಡಿಯಲ್ಲಿ ನಿಧಿ ಉಂಟಾ?” ಈಗೀಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: “ಹಳೆ ನಾಣ್ಯ ಹುಡುಕ್ಲಿಕ್ಕೆ ಯಾವ ಮೆಟಲ್ ಡಿಟೆಕ್ಟರ್ ಒಳ್ಳೆಯದು?” ಇದನ್ನು ಕೇಳುವವರು ಹೆಚ್ಚಾಗಿ ನಾಣ್ಯಸಂಗ್ರಹದ ಹವ್ಯಾಸ ಇರುವ ಹುಡುಗರು. ಇಂಗ್ಲೆಂಡಿನ ಹೊಲಗಳಲ್ಲಿ ನಾಣ್ಯ ಎತ್ತುವ ವಿಡಿಯೋ ನೋಡಿರುತ್ತಾರೆ. ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬರೆಯುವುದು ಒಳ್ಳೆಯದು ಅನಿಸಿತು.

ಮೊದಲು ಯಂತ್ರದ ವಿಚಾರ. ಡಿಟೆಕ್ಟರಿನ ತುದಿಯಲ್ಲಿರುವ ಸುರುಳಿ, ಅಂದರೆ ಕಾಯಿಲ್, ನೆಲಕ್ಕೆ ಏರಿಳಿಯುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟಿ, ಸ್ವಲ್ಪ ತಡವಾಗಿ ಮರುಸಂಕೇತ ಬರುತ್ತದೆ. ಆ ತಡದ ಪ್ರಮಾಣ ನೋಡಿ ಯಂತ್ರ ಕಬ್ಬಿಣವೋ, ತಾಮ್ರವೋ, ಬೆಳ್ಳಿಯೋ ಅಂತ ಅಂದಾಜು ಮಾಡುತ್ತದೆ. ಅದು ಅಂದಾಜು ಮಾತ್ರ ಎಂಬುದು ನೆನಪಿರಲಿ.

ನಮ್ಮ ಕಡೆಯ ತೊಂದರೆ ನೆಲದ್ದೇ. ಮುರಕಲ್ಲು ಮತ್ತು ಅದರಿಂದಾದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ತುಂಬಿರುತ್ತದೆ. ಲೋಹದ ಚೂರು ಒಂದೂ ಇಲ್ಲದಿದ್ದರೂ ಯಂತ್ರ ಕೂಗುತ್ತದೆ. ಹಾಗಾಗಿ ಇಲ್ಲಿ ಮೊದಲು ನೋಡಬೇಕಾದ ಸೌಲಭ್ಯ ‘ಗ್ರೌಂಡ್ ಬ್ಯಾಲೆನ್ಸ್’. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ, ‘ಈ ಮಣ್ಣಿನ ಸದ್ದು ಇಷ್ಟು, ಇದನ್ನು ಲೆಕ್ಕಕ್ಕೆ ಹಿಡೀಬೇಡ’ ಅಂತ ಯಂತ್ರಕ್ಕೆ ಕಲಿಸುವ ಕ್ರಮ ಅದು. ಗ್ಯಾರೆಟ್ ಏಸ್ 250ರಂಥ ಆರಂಭಿಕರ ಯಂತ್ರದಲ್ಲಿ ಇದನ್ನು ಕಾರ್ಖಾನೆಯಲ್ಲೇ ನಿಗದಿ ಮಾಡಿರುತ್ತಾರೆ, ನಾವು ಬದಲಿಸುವ ಹಾಗಿಲ್ಲ. ಅದೇ ಕಂಪೆನಿಯ ಎಟಿ ಪ್ರೋದಲ್ಲಿ ತಾನಾಗಿಯೂ ಕೈಯಿಂದಲೂ ಹೊಂದಿಸಬಹುದು. ನೇತ್ರಾವತಿ ದಂಡೆಯ ಮೆಕ್ಕಲು ಮಣ್ಣಿಗೆ ಮಾಡಿದ ಹೊಂದಾಣಿಕೆ ಮುರಕಲ್ಲಿನ ಗುಡ್ಡಕ್ಕೆ ಆಗುವುದಿಲ್ಲ. ಜಾಗ ಬದಲಾದಾಗ ಮತ್ತೆ ಹೊಂದಿಸಬೇಕು.

ಎರಡನೆಯದು ಆವರ್ತನ. ಏಸ್ 250 ಯಂತ್ರದ್ದು 6.5 ಕಿಲೋಹರ್ಟ್ಜ್, ಎಟಿ ಪ್ರೋದ್ದು 15. ಕಡಿಮೆ ಆವರ್ತನಕ್ಕೆ ದೊಡ್ಡ ಬೆಳ್ಳಿ, ತಾಮ್ರದ ನಾಣ್ಯಗಳು ಸುಲಭ. ಸಣ್ಣ ಚಿನ್ನದ ಚೂರಿಗೆ ಹೆಚ್ಚಿನ ಆವರ್ತನ ಬೇಕು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಂಥವು ಏಕಕಾಲಕ್ಕೆ ಹಲವು ಆವರ್ತನ ಬಳಸುತ್ತವೆ. ಖನಿಜ ಹೆಚ್ಚಿರುವ ನೆಲದಲ್ಲಿ ಇದರಿಂದ ಅನುಕೂಲ ಉಂಟು.

ಮೂರನೆಯದು ‘ಡಿಸ್ಕ್ರಿಮಿನೇಶನ್’, ಬೇಡದ ಲೋಹವನ್ನು ಬಿಟ್ಟುಬಿಡುವ ಗುಂಡಿ. ಮೊಳೆ, ಗುಟ್ಕಾ ಚೀಟಿ, ಮಾತ್ರೆಯ ಹಾಳೆಗಳ ಕಾಟ ತಪ್ಪಿಸಲು ಎಲ್ಲರೂ ಇದನ್ನು ಏರಿಸುತ್ತಾರೆ. ಆದರೆ ಹಳೆಯ ಚಿನ್ನದ ‘ಹಣ’ ಅರ್ಧ ಗ್ರಾಮೂ ತೂಗುವುದಿಲ್ಲ. ಅದರ ಸಂಕೇತ ಅಲ್ಯೂಮಿನಿಯಂ ಹಾಳೆಯದಕ್ಕೆ ತೀರಾ ಹತ್ತಿರ. ಹಾಳೆ ಬೇಡ ಅಂದ್ರೆ ಹಣವೂ ಬಿಟ್ಟುಹೋಗುತ್ತದೆ.

ಇನ್ನು ‘ಸೆನ್ಸಿಟಿವಿಟಿ’. ಇದನ್ನು ಕೊನೆವರೆಗೆ ತಿರುಗಿಸಿದರೆ ಹೆಚ್ಚು ಆಳ ಸಿಗುತ್ತದೆ ಅನ್ನುವ ನಂಬಿಕೆ ನಮ್ಮ ಮಣ್ಣಿಗೆ ಹೊಂದುವುದಿಲ್ಲ. ಗದ್ದಲ ಹೆಚ್ಚಾಗಿ ನಿಜವಾದ ಸಂಕೇತವೇ ಮುಳುಗುತ್ತದೆ. ಸ್ವಲ್ಪ ಇಳಿಸಿ, ನಿಧಾನ ಬೀಸಬೇಕು. ಕಾಯಿಲುಗಳಲ್ಲಿ ಡಿಡಿ ಮಾದರಿ ಖನಿಜದ ನೆಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಒಂದರೊಳಗೊಂದು ವೃತ್ತವಿರುವ ಮಾದರಿ ಜಾಗವನ್ನು ನಿಖರವಾಗಿ ತೋರಿಸುತ್ತದೆ. ಹದವಾದ ಮಣ್ಣಿನಲ್ಲೇ ಒಂದು ನಾಣ್ಯ ಸಿಗುವ ಆಳ ಸುಮಾರು 15–20 ಸೆಂಟಿಮೀಟರ್, ಮುರಕಲ್ಲಿನಲ್ಲಿ ಅದಕ್ಕಿಂತ ಕಡಿಮೆ. ಅಂದರೆ ಈ ಯಂತ್ರಗಳು ಮುಟ್ಟುವುದು ಮೇಲ್ಪದರವನ್ನು ಮಾತ್ರ.

ಈಗ ನಿಧಿಯ ಪ್ರಶ್ನೆಗೆ ಬರೋಣ. ವಿಜಯನಗರ ಕಾಲದ ನಮ್ಮ ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂಬ ಮಾತು ಬರುತ್ತದೆ. ಅದನ್ನು ಓದಿ ಹೇಳಿದ ಕೂಡಲೇ ಕೆಲವರ ಕಣ್ಣು ಕಲ್ಲಿನ ಬುಡಕ್ಕೆ ಹೋಗುತ್ತದೆ. ಅಲ್ಲಿರುವುದು ದಾನದ ಲೆಕ್ಕ: ಇಂಥ ಭೂಮಿಯಿಂದ ಇಷ್ಟು ಮುಡಿ ಅಕ್ಕಿ, ಇಷ್ಟು ಗದ್ಯಾಣ ದೇವರಿಗೋ ಬಸದಿಗೋ ಸಲ್ಲಬೇಕು ಅಂತ. ಹೂತಿಟ್ಟ ಹಣದ ಲೆಕ್ಕ ಅಲ್ಲ. ಮೇಲೆ ಕೊರೆದ ಸೂರ್ಯ ಚಂದ್ರರೂ ನಿಧಿಯ ಗುರುತಲ್ಲ, ಅವು ಇರುವವರೆಗೆ ದಾನ ನಡೆಯಲಿ ಎಂಬ ಸಂಕಲ್ಪ. ಕರ್ನಾಟಕದಲ್ಲಿ ಈ ತಪ್ಪು ಓದಿನಿಂದಲೇ ಎಷ್ಟೋ ವೀರಗಲ್ಲು, ಶಾಸನಗಳನ್ನು ನಿಧಿಗಳ್ಳರು ಕಿತ್ತು ಬೀಳಿಸಿದ್ದಾರೆ. ಕಲ್ಲು ಜಾಗ ಬಿಟ್ಟರೆ ಅದರಲ್ಲಿ ಹೇಳಿದ ‘ಮೂಡಲು’, ‘ಪಡುವಲು’ ಗಡಿಗಳೂ ಅರ್ಥ ಕಳೆದುಕೊಳ್ಳುತ್ತವೆ.

ನಾಣ್ಯದ ಕತೆಯೂ ಹಾಗೇ. ಆಳುಪರ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಜೋಡಿ ಮೀನು, ಇನ್ನೊಂದು ಕಡೆ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹ ಇರುತ್ತದೆ. ಅರಸನ ಹೆಸರು, ವರ್ಷ ಅದರಲ್ಲಿಲ್ಲ. ಯಾವ ಊರಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಗೊತ್ತಿದ್ದರೆ ಕಾಲ ನಿರ್ಣಯಕ್ಕೆ ಆಧಾರ ಸಿಗುತ್ತದೆ. ಅಗೆದು ಜೇಬಿಗೆ ಹಾಕಿದರೆ ಆ ಆಧಾರ ಹೋಯಿತು.

ಕಾನೂನು ಸಹ ಇದನ್ನೇ ಕಾಯುತ್ತದೆ. ಬ್ರಿಟಿಷರ 1878ರ ನಿಧಿ ಕಾಯ್ದೆ, ನಂತರ ನಮ್ಮ ರಾಜ್ಯದ 1962ರ ಕಾಯ್ದೆ, ಎರಡೂ ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಎನ್ನುತ್ತವೆ. 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ವಿಡಿಯೋದಲ್ಲಿ ಕಾಣುವ ಇಂಗ್ಲೆಂಡಿನಲ್ಲೂ ಭೂಮಾಲಿಕನ ಒಪ್ಪಿಗೆ ಬೇಕು. ಸಿಕ್ಕ ವಸ್ತುವನ್ನು ಜಾಗ ಸಮೇತ ದಾಖಲಿಸುವ ವ್ಯವಸ್ಥೆ ಅಲ್ಲಿ 1997ರಿಂದ ಇದೆ. ವಿಡಿಯೋದಲ್ಲಿ ಆ ಭಾಗವನ್ನು ಹೆಚ್ಚಾಗಿ ಕತ್ತರಿಸಿರುತ್ತಾರೆ.

ಹಾಗಾದ್ರೆ ಯಂತ್ರ ತೆಗೆದುಕೊಳ್ಳುವುದೇ ಬೇಡವಾ? ನಿಮ್ಮದೇ ಅಂಗಳದಲ್ಲಿ ಕಳೆದುಹೋದ ಉಂಗುರ, ತೋಟದಲ್ಲಿ ಬಿದ್ದ ಕೀಲಿಕೈ ಹುಡುಕಲು ಧಾರಾಳ ಬಳಸಿ. ಬಸದಿ, ದೇವಸ್ಥಾನ, ದೈವಸ್ಥಾನ, ಕೋಟೆ, ಶಾಸನ ಇರುವ ಜಾಗಕ್ಕೆ ಮಾತ್ರ ಒಯ್ಯಬೇಡಿ. ತೋಟಕ್ಕೆ ಗುಂಡಿ ತೋಡುವಾಗ ತಾನಾಗಿ ಹಳೆ ನಾಣ್ಯ ಸಿಕ್ಕಿದರೆ ಅಗೆತ ನಿಲ್ಲಿಸಿ. ಹುಳಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಬದಿಯ ಫೋಟೋ ತೆಗೆಯಿರಿ, ಗುಂಡಿಯ ಆಳ ಬರೆದಿಡಿ, ಜಿಲ್ಲಾಧಿಕಾರಿ ಕಚೇರಿಗೆ ಲಿಖಿತವಾಗಿ ತಿಳಿಸಿ. ಬರಹ ಓದಲು ಸಹಾಯ ಬೇಕಿದ್ದರೆ ಆ ಫೋಟೋಗಳನ್ನು ನಮಗೂ ಕಳಿಸಿ, ಖಂಡಿತ ಓದಿ ಹೇಳ್ತೇವೆ.