ಬಂಡಿಜಾಡಿನಲ್ಲಿ ಸೈಕಲ್ ವಿದ್ಯೆ

ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿಯಬಲ್ಲವನು ಕಾಲಿನ ಬಲವೊಂದನ್ನೇ ನೆಚ್ಚಿ ಹತ್ತಾರು ಮೈಲಿ ಸಾಗಬಹುದು; ಆದರೆ ಅದೇ ಸವಾರನು ಹಳೆಯ ಮದರಾಸು ರಸ್ತೆಯಿಂದ ದೇವನಹಳ್ಳಿಯ ಕಡೆಗೆ ಹೊರಳಿ, ಬೂದಿಗೆರೆಯ ಆಸುಪಾಸಿನಲ್ಲಿ ಹೊಲಗಳ ನಡುವಣ ಬಂಡಿಜಾಡಿಗೆ ಇಳಿದನೆಂದರೆ, ಅಲ್ಲಿ ಕಾಲಿಗಿಂತ ಕಣ್ಣೂ ಮೈಭಾರದ ವಿವೇಕವೂ ಮುಖ್ಯವೆಂಬುದು ಅವನಿಗೆ ಕೂಡಲೇ ವೇದ್ಯವಾಗುತ್ತದೆ. ಉತ್ತರಕ್ಕಿರುವ 1,478 ಮೀಟರ್ ಎತ್ತರದ ನಂದಿಬೆಟ್ಟದ ಡಾಂಬರು ತಿರುವುಗಳು ಬೆಂಗಳೂರಿನ ಸವಾರರ ಉಸಿರನ್ನು ಪರೀಕ್ಷಿಸುವುವು. ಈ ಬಯಲುಸೀಮೆಯ ಕೆಮ್ಮಣ್ಣು, ಗರಸು, ಹಾಸುಬಂಡೆಗಳಾದರೋ ಅವರ ಸಮತೋಲನವನ್ನು ಪರೀಕ್ಷಿಸುವುವು.

ಇಂಥ ಒರಟು ನೆಲದ ಸವಾರಿಯು, ಎಂದರೆ ಗುಡ್ಡಗಾಡು ಸೈಕಲ್ ಸವಾರಿಯು, ಕ್ರೀಡೆಯಾಗಿ ರೂಪುಗೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಮರಿನ್ ಪ್ರಾಂತ್ಯದ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನೇರಿ ಕಡಿದಾದ ಮಣ್ಣುದಾರಿಯನ್ನು ಇಳಿಯುವ ಪಂದ್ಯವನ್ನು 1976ರಲ್ಲಿ ಆರಂಭಿಸಿದರು. ಒಂದೇ ಇಳಿತಕ್ಕೆ ಹಿಂದಿನ ಹಬ್ಬಿನ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ ಅದನ್ನು ಮತ್ತೆ ತುಂಬಬೇಕಾಗುತ್ತಿತ್ತು. ‘ರೀಪ್ಯಾಕ್’ ಎಂಬ ಹೆಸರು ಆ ಪಂದ್ಯಕ್ಕೆ ಬಂದುದು ಹೀಗೆ. ಇಪ್ಪತ್ತು ವರ್ಷಗಳ ತರುವಾಯ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಇಂದಿನ ಡಿಸ್ಕ್ ಬ್ರೇಕುಗಳು ಹಾಗೆ ಹೊಗೆಯುಗುಳುವುದಿಲ್ಲವಾದರೂ, ಅವುಗಳನ್ನು ಎಲ್ಲಿ, ಎಷ್ಟು ಹಿಡಿಯಬೇಕೆಂಬ ನಿರ್ಣಯ ಇಂದಿಗೂ ಸವಾರನದೇ.

ಮೊದಲು ಅಭ್ಯಸಿಸತಕ್ಕದ್ದು ನಿಲುವು. ಒರಟು ನೆಲ ಬಂದೊಡನೆ ಸೀಟಿನಿಂದ ಎದ್ದು, ಎರಡು ಪೆಡಲುಗಳನ್ನೂ ನೆಲಕ್ಕೆ ಸಮಾನಾಂತರವಾಗಿರಿಸಿ, ಮೊಣಕಾಲು ಮೊಣಕೈಗಳನ್ನು ತುಸು ಬಾಗಿಸಿ, ಭಾರವನ್ನು ಅಂಗಾಲಿಗೆ ಬಿಟ್ಟು, ಹ್ಯಾಂಡಲನ್ನು ಸಡಿಲವಾಗಿ ಹಿಡಿದರೆ, ಸೈಕಲ್ಲು ಕೆಳಗೆ ಕುಣಿದರೂ ಸವಾರನು ಅಲುಗುವುದಿಲ್ಲ. ದೃಷ್ಟಿಯು ಮುಂಚಕ್ರದ ಬುಡದ ಕಲ್ಲಿನ ಮೇಲಲ್ಲ, ಅದರಾಚೆಯ ದಾರಿಯ ಮೇಲಿರಬೇಕು. ಏಕೆಂದರೆ ಕಣ್ಣು ಹೋದೆಡೆಗೇ ಚಕ್ರವೂ ಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಭ್ರಮೆ ಹೆಚ್ಚು. ಮುಂದಿನ ಬ್ರೇಕು ಅಪಾಯಕರವೆಂದು ಬಗೆದು ಅನೇಕರು ಹಿಂದಿನದನ್ನೇ ಒತ್ತುತ್ತಾರೆ. ಆದರೆ ವೇಗ ತಗ್ಗುವಾಗ ಭಾರವೆಲ್ಲ ಮುಂದಕ್ಕೆ ಸರಿದು ಮುಂಚಕ್ರಕ್ಕೆ ಹಿಡಿತ ಹೆಚ್ಚುವುದರಿಂದ, ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲಿಯೇ ಇದೆ. ಒಂದೊಂದೇ ಬೆರಳಿನಿಂದ ಎರಡನ್ನೂ ಮೆಲ್ಲಮೆಲ್ಲನೆ ಒತ್ತಬೇಕು. ಗರಸಿನ ಮೇಲೆ, ಅದರಲ್ಲಿಯೂ ಹ್ಯಾಂಡಲು ತಿರುಗಿರುವಾಗ, ಮುಂಚಕ್ರ ಬಿಗಿದು ನಿಂತರೆ ಬೀಳುವುದು ನಿಶ್ಚಿತ. ಆದುದರಿಂದ ವೇಗವನ್ನು ತಿರುವಿಗೆ ಮುನ್ನವೇ ತಗ್ಗಿಸಿ, ತಿರುವಿನಲ್ಲಿ ಹೊರಬದಿಯ ಪಾದವನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ, ಮೈಗಿಂತ ಸೈಕಲ್ಲನ್ನೇ ಹೆಚ್ಚು ಓರೆಮಾಡುವುದು ಕ್ರಮ. ಏರಿನಲ್ಲಾದರೋ ಮೊದಲೇ ಸಣ್ಣ ಗೇರಿಗೆ ಬಂದು, ಸೀಟಿನ ಮೂತಿಗೆ ಸರಿದು, ಎದೆಯನ್ನು ತಗ್ಗಿಸಿ, ಒಂದೇ ಲಯದಲ್ಲಿ ತುಳಿಯಬೇಕು. ಎದ್ದುನಿಂತು ಜಗ್ಗಿದರೆ ಹಿಂಚಕ್ರ ಸಡಿಲ ಮಣ್ಣಿನಲ್ಲಿ ಸುಮ್ಮನೆ ಸುತ್ತುತ್ತದೆ.

ನೆಲವನ್ನು ಓದುವುದು ಇವೆಲ್ಲಕ್ಕೂ ಮಿಗಿಲಾದುದು. ಒಣಗಿದ ಹಾಸುಬಂಡೆ ಟೈರನ್ನು ಬಿಗಿಯಾಗಿ ಹಿಡಿಯುತ್ತದೆ. ಪಾಚಿಗಟ್ಟಿ ನೆನೆದರೆ ಅದೇ ಬಂಡೆ ಜಾರಿಸುತ್ತದೆ. ನೀಲಗಿರಿ ತೋಪಿನ ತರಗೆಲೆಯಡಿಯಲ್ಲಿ ಬೇರೂ ಕಲ್ಲೂ ಅಡಗಿರುವುವು. ಕೆರೆಯಂಗಳದ ಜೇಡಿಯು ಮಳೆಯ ಮರುದಿನ ಟೈರಿಗೂ ಚೌಕಟ್ಟಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಕಟ್ಟಿಹಾಕುತ್ತದೆ. ಟೈರಿನ ಗಾಳಿಯನ್ನು ರಸ್ತೆಗಿಂತ ಕಡಿಮೆ ಮಾಡಿದರೆ ಹಿಡಿತ ಹೆಚ್ಚುವುದಾದರೂ, ತೀರ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಸೀಳುತ್ತದೆ. ಜಾಲಿಮುಳ್ಳಿನ ಈ ಸೀಮೆಯಲ್ಲಿ ಪಂಕ್ಚರ್ ಸಾಮಗ್ರಿಯೂ ಪಂಪೂ ಹೆಲ್ಮೆಟಿನಷ್ಟೇ ಅಗತ್ಯ.

ಈ ಜಾಡುಗಳು ಕ್ರೀಡಾಂಗಣಕ್ಕಾಗಿ ಹುಟ್ಟಿದವಲ್ಲ, ರಾಗಿಯ ಹೊಲಕ್ಕೂ ದ್ರಾಕ್ಷಿಯ ತೋಟಕ್ಕೂ ನಡೆದು ಸವೆದವು. ಬಿತ್ತಿದ ಹೊಲವನ್ನು ತುಳಿಯದೆ, ಕುರಿಮಂದೆ ಎದುರಾದಾಗ ಇಳಿದು ದಾರಿಬಿಟ್ಟು, ತನ್ನ ಅಳವಿಗೆ ಮೀರಿದ ಇಳಿಜಾರಿನಲ್ಲಿ ಸಂಕೋಚವಿಲ್ಲದೆ ಸೈಕಲ್ಲನ್ನು ತಳ್ಳಿಕೊಂಡು ನಡೆಯಬಲ್ಲವನೇ ಈ ವಿದ್ಯೆಯಲ್ಲಿ ಪಳಗಿದವನು. ಇಳಿಯಬೇಕಾದ ಸ್ಥಳ ಯಾವುದೆಂದು ಅರಿಯದವನ ಉಳಿದ ಕೌಶಲವೆಲ್ಲ ಬೇಗನೆ ಆಸ್ಪತ್ರೆಯ ದಾರಿ ಹಿಡಿಯುತ್ತದೆ.