ಇಬ್ಬಗೆಯ ಮನಸ್ಸಿನ ಮತದಾರ: ಅಮೆರಿಕದ 2016ರ ಅಧ್ಯಕ್ಷ ಚುನಾವಣೆಯನ್ನು ಕುರಿತು ಒಂದು ವಿವೇಚನೆ

ಚರಿತ್ರಕಾರನಿಗೆ ದೊರೆಯುವ ಲಿಖಿತ ಆಧಾರಗಳಲ್ಲೆಲ್ಲ ಮತಪತ್ರವು ಅತ್ಯಂತ ಮಿತಭಾಷಿಯಾದುದು. ಒಂದು ದಾನಶಾಸನವನ್ನು ಓದಿದರೆ ದಾನಿಯ ವಂಶ, ಭೂಮಿಯ ಎಲ್ಲೆ, ಸಾಕ್ಷಿಗಳ ಹೆಸರು ಇವಿಷ್ಟಾದರೂ ತಿಳಿಯುತ್ತವೆ. ದಾನಿಯು ಭಕ್ತಿಯಿಂದ ಕೊಟ್ಟನೋ ಬೇರೆ ದಾರಿಯಿಲ್ಲದೆ ಕೊಟ್ಟನೋ ಎಂಬುದನ್ನು ಮಾತ್ರ ನಾವು ಊಹಿಸಿಕೊಳ್ಳಬೇಕು. ಮತಪತ್ರದಲ್ಲಿ ಅಷ್ಟೂ ಇಲ್ಲ. ಹೆಸರಿಲ್ಲದ ಒಬ್ಬ ಪ್ರಜೆ ಮಾಡಿದ ಒಂದು ಗುರುತಷ್ಟೇ ಅದರಲ್ಲಿರುವುದು. ಹೀಗಿದ್ದರೂ ಎಣಿಕೆ ಮುಗಿದ ಮರುದಿನವೇ ‘ಜನರು ಇಂಥವರನ್ನು ಬಯಸಿದರು’ ಎಂದು ನಿಸ್ಸಂಕೋಚವಾಗಿ ಬರೆದುಬಿಡುತ್ತೇವೆ.

ಸ್ನಾತಕೋತ್ತರ ತರಗತಿಯಲ್ಲಿ ಅಮೆರಿಕದ ಇತಿಹಾಸವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಆ ದಿನ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ ಆ ಪದವಿಗೆ ಅರ್ಹನಲ್ಲವೆಂದಿದ್ದರೆ, ಗೆದ್ದದ್ದು ಹೇಗೆ ಸರ್?” ಎಂದು ಆಕೆ ಕೇಳಿದಳು. ರಾಜ್ಯವಾರು ನಿರ್ವಾಚಕರ ಪದ್ಧತಿಯನ್ನು ವಿವರಿಸಿ ನಾನು ಉತ್ತರ ಹೇಳಿದೆನು. ಉತ್ತರ ತಪ್ಪಾಗಿರಲಿಲ್ಲ, ಆದರೆ ಅದು ಅರ್ಧ ಉತ್ತರ. ಆ ಪದ್ಧತಿಯು ಮತಗಳನ್ನು ಹೇಗೆ ಕೂಡಿಸುತ್ತಾರೆಂಬುದನ್ನು ತಿಳಿಸುತ್ತದೆಯೇ ಹೊರತು ಅರ್ಹನಲ್ಲವೆಂದು ಬಗೆದವನಿಗೇ ಮನುಷ್ಯನು ಮತವನ್ನೇಕೆ ಹಾಕುತ್ತಾನೆಂಬುದನ್ನು ತಿಳಿಸುವುದಿಲ್ಲ.

ಮೊದಲು ಸಂಗತಿಗಳನ್ನು ನೋಡೋಣ. 2015ರ ಜೂನ್ 16ರಂದು ಡೊನಾಲ್ಡ್ ಟ್ರಂಪರು ನ್ಯೂಯಾರ್ಕಿನ ತಮ್ಮ ಹೆಸರಿನ ಮಹಾಸೌಧದಲ್ಲಿ ಉಮೇದುವಾರಿಕೆಯನ್ನು ಸಾರಿದಾಗ ಅವರು ಕಟ್ಟಡಗಳ ವ್ಯಾಪಾರಿ, ದೂರದರ್ಶನದಲ್ಲಿ ಮನೆಮಾತಾಗಿದ್ದ ವ್ಯಕ್ತಿ. ಅವರಿಗಿಂತ ಹಿಂದೆ ಅಧ್ಯಕ್ಷ ಪದವಿಗೇರಿದವರೆಲ್ಲರೂ ಒಂದೋ ಸರ್ಕಾರದಲ್ಲಿ ಅಧಿಕಾರ ಸ್ಥಾನವನ್ನು ವಹಿಸಿದ್ದವರು, ಇಲ್ಲವೇ ಗ್ರಾಂಟ್, ಐಸೆನ್‌ಹೋವರರಂತೆ ಸೇನಾನಾಯಕರಾಗಿದ್ದವರು. ಎರಡೂ ಇಲ್ಲದೆ ಗೆದ್ದವರಲ್ಲಿ ಟ್ರಂಪರೇ ಮೊದಲಿಗರು. 1940ರಲ್ಲಿ ವೆಂಡೆಲ್ ವಿಲ್ಕಿ ಎಂಬ ವ್ಯಾಪಾರ ಪ್ರಮುಖರು ಇದೇ ರಿಪಬ್ಲಿಕನ್ ಪಕ್ಷದ ಉಮೇದುವಾರರಾಗಿ ರೂಸ್‌ವೆಲ್ಟರೆದುರು ನಿಂತದ್ದುಂಟು. ದೊರೆತದ್ದು 82 ನಿರ್ವಾಚಕ ಮತಗಳು ಮಾತ್ರ.

2016ರ ನವೆಂಬರ್ 8ರಂದು ಟ್ರಂಪರಿಗೆ ಬಂದ ಜನಮತಗಳು ಸುಮಾರು 6 ಕೋಟಿ 30 ಲಕ್ಷ. ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ನರಿಗೆ ಅದಕ್ಕಿಂತ 28 ಲಕ್ಷಕ್ಕೂ ಹೆಚ್ಚು. ಆದರೆ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಈ ಮೂರು ರಾಜ್ಯಗಳಲ್ಲಿ ಟ್ರಂಪರು ಕ್ರಮವಾಗಿ 10,704, 22,748, 44,292 ಮತಗಳ ಅಂತರದಿಂದ ಮುಂದಾದರು. ಅದರಿಂದಲೇ ಅಧ್ಯಕ್ಷ ಪದವಿ ಅವರದಾಯಿತು. ಮೂರೂ ಅಂತರಗಳನ್ನು ಕೂಡಿಸಿದರೆ 78 ಸಾವಿರವೂ ಆಗುವುದಿಲ್ಲ. ಇಷ್ಟು ಸಣ್ಣ ಅಂತರವಿದ್ದಲ್ಲಿ, ಮನಸ್ಸು ಎರಡಾಗಿದ್ದವರು ಕೊನೆಗೆ ಯಾವ ಕಡೆ ವಾಲಿದರೆಂಬ ಪ್ರಶ್ನೆಗೆ ತಾನಾಗಿಯೇ ತೂಕ ಬರುತ್ತದೆ.

ಅಂಥವರ ಮನಸ್ಸನ್ನು ತಿಳಿಯಲು ಈ ಕಾಲದ ಚರಿತ್ರಕಾರನಿಗೆ ಹಿಂದಿನವರಿಗಿಲ್ಲದ ಒಂದು ಸಾಧನವಿದೆ. 1828ರಲ್ಲಿ ಆಂಡ್ರೂ ಜ್ಯಾಕ್ಸನ್ನರು 178 ನಿರ್ವಾಚಕ ಮತಗಳಿಂದ ಗೆದ್ದಾಗಲೂ ದೇಶವು ಹೀಗೆಯೇ ಇಬ್ಭಾಗವಾಗಿತ್ತು. ದ್ವಂದ್ವಯುದ್ಧದಲ್ಲಿ ಒಬ್ಬನನ್ನು ಕೊಂದಿದ್ದ ಆ ಸೇನಾನಿಯನ್ನು ಕಂಡರೆ ಭಯಪಟ್ಟವರೂ ಆರಾಧಿಸಿದವರೂ ಇದ್ದರು. ನಡುವೆ ಅನುಮಾನಿಸುತ್ತಲೇ ಮತ ಹಾಕಿದ ರೈತನೂ ಇದ್ದಿರಬೇಕು. ಆದರೆ ಅವನ ಅನುಮಾನವನ್ನು ಅಂದು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಉಳಿದಿರುವುದು ವಿದ್ಯಾವಂತರ ಪತ್ರಗಳು, ಪತ್ರಿಕೆಗಳ ಬೈಗುಳಗಳು. 2016ರಲ್ಲಿ ಹಾಗಲ್ಲ. ಮತಗಟ್ಟೆಯಿಂದ ಹೊರಬಂದವರನ್ನೂ ಮುಂಚಿತವಾಗಿ ಮತ ಹಾಕಿದವರಲ್ಲಿ ಕೆಲವರನ್ನೂ ಸೇರಿಸಿ ಸುಮಾರು 24,500 ಮಂದಿಯನ್ನು ಪ್ರಶ್ನಿಸಿ, ಸುದ್ದಿಸಂಸ್ಥೆಗಳ ಒಕ್ಕೂಟಕ್ಕಾಗಿ ಸಮೀಕ್ಷೆಯೊಂದನ್ನು ನಡೆಸಲಾಯಿತು.

ಅದರ ಉತ್ತರಗಳು ವಿಚಿತ್ರವಾಗಿವೆ. ಟ್ರಂಪರನ್ನು ಕುರಿತು ಒಳ್ಳೆಯ ಅಭಿಪ್ರಾಯವಿಲ್ಲವೆಂದವರು ಶೇ. 60, ಕ್ಲಿಂಟನ್ನರನ್ನು ಕುರಿತು ಹಾಗೆಂದವರು ಶೇ. 55. ಟ್ರಂಪರ ಸ್ವಭಾವವು ಅಧ್ಯಕ್ಷ ಪದವಿಗೆ ತಕ್ಕುದಲ್ಲವೆಂದವರು ಶೇ. 63ರಷ್ಟು, ಅವರ ಪೈಕಿ ಐವರಲ್ಲಿ ಒಬ್ಬರಂತೆ ಟ್ರಂಪರಿಗೇ ಮತ ಹಾಕಿದ್ದರು. ಲೆಕ್ಕ ಹಾಕಿ ನೋಡಿದರೆ, ಟ್ರಂಪರಿಗೆ ಬಂದ ಮತಗಳಲ್ಲಿ ಕಾಲುಭಾಗದಷ್ಟು ಮತಗಳು ಅವರ ಸ್ವಭಾವವನ್ನು ಒಪ್ಪದವರು ಹಾಕಿದುವು ಎಂದಾಗುತ್ತದೆ. ಇಬ್ಬರು ಉಮೇದುವಾರರನ್ನೂ ಮೆಚ್ಚದವರು ಶೇ. 18 ಮಂದಿ. ಚಲಾವಣೆಯಾದ ಒಟ್ಟು ಮತಗಳು 13 ಕೋಟಿ 60 ಲಕ್ಷಕ್ಕೂ ಹೆಚ್ಚೆಂಬುದನ್ನು ನೆನೆದರೆ, ಇವರ ಸಂಖ್ಯೆ ಎರಡೂವರೆ ಕೋಟಿಗೆ ಸಮೀಪ. ಇವರಲ್ಲಿ ಶೇ. 47 ಮಂದಿ ಟ್ರಂಪರ ಕಡೆಗೂ ಶೇ. 30 ಮಂದಿ ಕ್ಲಿಂಟನ್ನರ ಕಡೆಗೂ ಹೋದರು. ನನ್ನ ಮತದಲ್ಲಿ ಆ ಚುನಾವಣೆಯನ್ನು ಅರ್ಥಮಾಡಿಕೊಳ್ಳಲು ಸಭೆಗಳಲ್ಲಿ ಜಯಘೋಷ ಮಾಡಿದವರಿಗಿಂತ ಈ ಮೌನಿಗಳನ್ನು ನೋಡುವುದು ಹೆಚ್ಚು ಉಚಿತ. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಗಳಲ್ಲಿ ಟ್ರಂಪರನ್ನು ಆರಿಸಿದವರು ಸುಮಾರು 1 ಕೋಟಿ 40 ಲಕ್ಷ ಮಂದಿ. ಅಂತಿಮ ಮತಗಳಲ್ಲಿ ಇವರ ಪಾಲು ಹೆಚ್ಚೆಂದರೆ ನಾಲ್ಕರಲ್ಲಿ ಒಂದು.

ಒಪ್ಪದವರೇಕೆ ಮತ ಹಾಕಿದರು? ಇದಕ್ಕೆ ಒಂದೇ ಕಾರಣವನ್ನು ಹುಡುಕುವುದು ವ್ಯರ್ಥ. 2016ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ ನಿಧನರಾದರು. ಆ ಪೀಠವು ಚುನಾವಣೆಯವರೆಗೂ ತೆರವಾಗಿಯೇ ಉಳಿಯಿತು. ಅಮೆರಿಕದಲ್ಲಿ ಈ ನ್ಯಾಯಮೂರ್ತಿಗಳು ಆಜೀವ ಪರ್ಯಂತ ಪದವಿಯಲ್ಲಿರುತ್ತಾರೆ. ಗರ್ಭಪಾತ, ಧಾರ್ಮಿಕ ಸ್ವಾತಂತ್ರ್ಯ, ಬಂದೂಕಿನ ಹಕ್ಕು ಮೊದಲಾದ ವಿವಾದಗಳೆಲ್ಲ ಅವರೆದುರಿಗೇ ಬರುತ್ತವೆ. ಆ ಪೀಠಕ್ಕೆ ತಾವು ಯಾರನ್ನು ಪರಿಗಣಿಸುವರೆಂಬುದನ್ನು ಟ್ರಂಪರು ಮೇ ತಿಂಗಳಲ್ಲಿಯೇ ಹೆಸರುಗಳ ಪಟ್ಟಿ ಮಾಡಿ ಪ್ರಕಟಿಸಿದರು. ಶ್ರದ್ಧಾವಂತ ಕ್ರೈಸ್ತನೊಬ್ಬನಿಗೆ ಆ ಪಟ್ಟಿ ಒಂದು ಬಗೆಯ ಕರಾರುಪತ್ರದಂತೆ ಕಂಡಿತು. ವ್ಯಕ್ತಿಯ ನಡತೆ, ಮಾತು, ಮೂರು ಮದುವೆ ಇವುಗಳಲ್ಲಿ ಯಾವುದೂ ಅವನಿಗೆ ಹಿಡಿಸದು. ಆದರೆ ವ್ಯಕ್ತಿ ನಾಲ್ಕು ಅಥವಾ ಎಂಟು ವರ್ಷ ಇರುವನು, ನ್ಯಾಯಪೀಠ ಮೂವತ್ತು ವರ್ಷ ಉಳಿಯುವುದು. ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರು ನ್ಯಾಯಮೂರ್ತಿಗಳ ನೇಮಕವೇ ತಮಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯವೆಂದರು. ಅವರಲ್ಲಿ ಹೆಚ್ಚಿನವರ ಮತ ಟ್ರಂಪರಿಗೆ. ಇವಾಂಜಲಿಕಲ್ ಪಂಥದ ಬಿಳಿಯರಲ್ಲಂತೂ ಶೇ. 80ರಷ್ಟು ಮಂದಿ ಅವರ ಕಡೆಗಿದ್ದರು.

ಈ ತೂಗಾಟವನ್ನು ಎಲ್ಲರ ಕಣ್ಣೆದುರಿಗೇ ಅನುಭವಿಸಿದವರು ಸೆನೆಟರ್ ಟೆಡ್ ಕ್ರೂಜ್. ತಮ್ಮ ಪತ್ನಿಯನ್ನೂ ತಂದೆಯನ್ನೂ ಕುರಿತು ಟ್ರಂಪರು ಆಡಿದ್ದ ಮಾತುಗಳಿಂದ ನೊಂದಿದ್ದ ಅವರು ಜುಲೈ 20ರಂದು ಕ್ಲೀವ್‌ಲೆಂಡಿನ ಪಕ್ಷದ ಮಹಾಸಭೆಯಲ್ಲಿ, ಅಂತಃಸಾಕ್ಷಿಯಂತೆ ಮತ ಹಾಕಿರೆಂದು ಹೇಳಿ, ಉಮೇದುವಾರನಿಗೆ ಬೆಂಬಲ ಸೂಚಿಸದೆ ವೇದಿಕೆಯಿಂದಿಳಿದರು. ಸಭೆ ಕೂಗೆಬ್ಬಿಸಿತು. ಎರಡು ತಿಂಗಳ ಬಳಿಕ, ಸೆಪ್ಟೆಂಬರ್ 23ರಂದು, ಅದೇ ಕ್ರೂಜರು ಟ್ರಂಪರಿಗೆ ಮತ ಹಾಕುವೆನೆಂದು ಸಾರಿದರು. ಹಾಗೆ ಸಾರುವಾಗ ಅವರು ಕೊಟ್ಟ ಕಾರಣಗಳಲ್ಲಿ ಸುಪ್ರೀಂ ಕೋರ್ಟು ಮೊದಲನೆಯದು. ಇದನ್ನು ಅವಕಾಶವಾದವೆಂದು ನಗುವುದು ಸುಲಭ. ರಾಜಕಾರಣಿಯ ವಿಷಯದಲ್ಲಿ ಆ ನಗೆ ಸಲ್ಲಲೂಬಹುದು. ಆದರೆ ಪದವಿಯ ಆಸೆಯೇ ಇಲ್ಲದ ಲಕ್ಷಾಂತರ ಗೃಹಸ್ಥರು ಇದೇ ದಾರಿಯಲ್ಲಿ ನಡೆದರೆಂಬುದನ್ನು ಮರೆಯಬಾರದು.

ಇನ್ನೊಂದು ಬಗೆಯವರು ಅಯೊವ ರಾಜ್ಯದ ಹಾವರ್ಡ್ ಕೌಂಟಿಯಂಥ ಕಡೆಗಳಲ್ಲಿ ಸಿಗುತ್ತಾರೆ. ಇದು ಹತ್ತು ಸಾವಿರವೂ ಜನರಿಲ್ಲದ ಬೇಸಾಯದ ಸೀಮೆ. ನಮ್ಮ ದೇಶಕ್ಕೆ ಗಿಡ್ಡ ತಳಿಯ ಗೋಧಿಯನ್ನು ತಂದ ನಾರ್ಮನ್ ಬೋರ್ಲಾಗರು ಓದಿದ ಕ್ರೆಸ್ಕೊ ಎಂಬ ಊರು ಇಲ್ಲಿಯದೇ. 2012ರಲ್ಲಿ ಬರಾಕ್ ಒಬಾಮರನ್ನು ಶೇ. 20ಕ್ಕೂ ಮೀರಿದ ಅಂತರದಿಂದ ಗೆಲ್ಲಿಸಿದ ಈ ಕೌಂಟಿ, 2016ರಲ್ಲಿ ಅಷ್ಟೇ ಅಂತರದಿಂದ ಟ್ರಂಪರನ್ನು ಗೆಲ್ಲಿಸಿತು. ಇಡೀ ದೇಶದಲ್ಲಿ ಹೀಗೆ ಮಾಡಿದ ಕೌಂಟಿ ಇದೊಂದೇ. ಒಬಾಮರನ್ನು ಎರಡು ಬಾರಿ ಆರಿಸಿ ಬಳಿಕ ಟ್ರಂಪರ ಕಡೆ ತಿರುಗಿದ ಕೌಂಟಿಗಳು 206 ಇವೆ. ಅವುಗಳಲ್ಲಿ 31 ಅಯೊವದಲ್ಲಿಯೇ ಇವೆ. ನಾಲ್ಕೇ ವರ್ಷಗಳಲ್ಲಿ ಒಂದು ಊರಿನ ಜನರ ಸಿದ್ಧಾಂತವು ಬುಡಮೇಲಾಯಿತೆಂದು ನಂಬಲು ನನಗೆ ಮನಸ್ಸಾಗದು. ಉಮೇದುವಾರನಲ್ಲಿ ಯಾವ ಗುಣವನ್ನು ನೋಡಿದಿರಿ ಎಂಬ ಪ್ರಶ್ನೆಗೆ, ಬದಲಾವಣೆಯನ್ನು ತರಬಲ್ಲವನಾಗಿರಬೇಕು ಎಂದು ಶೇ. 39 ಮಂದಿ ಉತ್ತರಿಸಿದರು, ಅವರಲ್ಲಿ ಶೇ. 80ಕ್ಕೂ ಹೆಚ್ಚಿನವರು ಟ್ರಂಪರಿಗೆ ಮತ ಹಾಕಿದ್ದರು. 2008ರಲ್ಲಿ ಒಬಾಮರು ಜನರ ಮುಂದಿಟ್ಟ ಮಾತೂ ಬದಲಾವಣೆಯೇ ಅಷ್ಟೆ. ಮನೆ ಬಿರುಕುಬಿಟ್ಟಿದೆಯೆಂದು ಬಗೆದವನು ಗಾರೆಯವನ ನಡತೆಯನ್ನು ವಿಚಾರಿಸದೆ ಕೆಲಸಕ್ಕೆ ಕರೆಯುವುದುಂಟು.

ಇಷ್ಟಾದರೂ ಮನಸ್ಸೊಪ್ಪದೆ ನಿಂತವರಿದ್ದರು. ಮಾರ್ಮನ್ ಪಂಥದವರು ಹೆಚ್ಚಾಗಿರುವ ಯೂಟ ರಾಜ್ಯವು 2012ರಲ್ಲಿ ಅದೇ ಪಂಥದ ಮಿಟ್ ರಾಮ್ನಿಯವರಿಗೆ ಶೇ. 72ಕ್ಕೂ ಹೆಚ್ಚು ಮತಗಳನ್ನು ಕೊಟ್ಟಿತ್ತು. 2016ರಲ್ಲಿ ಟ್ರಂಪರಿಗೆ ಅಲ್ಲಿ ದೊರೆತದ್ದು ಶೇ. 45ರಷ್ಟು. ಆಗಸ್ಟ್ ತಿಂಗಳಲ್ಲಷ್ಟೇ ಕಣಕ್ಕಿಳಿದ, ದೇಶದಲ್ಲಿ ಯಾರೂ ಹೆಸರು ಕೇಳಿರದ ಇವಾನ್ ಮ್ಯಾಕ್‌ಮಲಿನ್ ಎಂಬ ಸ್ವತಂತ್ರ ಉಮೇದುವಾರರಿಗೆ ಶೇ. 21ಕ್ಕೂ ಹೆಚ್ಚು ಮತಗಳು ಬಂದುವು. ಗೆಲ್ಲಲಾರನೆಂದು ತಿಳಿದೇ ಹಾಕಿದ ಮತಗಳಿವು.

ನೆವಾಡ ರಾಜ್ಯದಲ್ಲಿ ಇಂಥವರಿಗೆ ಕಾನೂನೇ ಒಂದು ದಾರಿ ಮಾಡಿಕೊಟ್ಟಿದೆ. ‘ಈ ಉಮೇದುವಾರರಲ್ಲಿ ಯಾರೂ ಅಲ್ಲ’ ಎಂಬ ಸಾಲು 1976ರಿಂದ ಅಲ್ಲಿಯ ಮತಪತ್ರದಲ್ಲಿದೆ. ನಮ್ಮಲ್ಲಿ 2013ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂದ ‘ನೋಟಾ’ ವಾಚಕರಿಗೆ ಪರಿಚಿತವೇ. ಆ ಸಾಲು ಇದರ ಹಿರಿಯ ಬಂಧು. ಆ ಸಾಲಿಗೆ ಎಷ್ಟೇ ಮತ ಬಂದರೂ ಫಲಿತಾಂಶ ಬದಲಾಗದು. 2016ರಲ್ಲಿ ಅಲ್ಲಿ ಕ್ಲಿಂಟನ್ನರು 27,202 ಮತಗಳಿಂದ ಗೆದ್ದರು. ‘ಯಾರೂ ಅಲ್ಲ’ ಎಂದವರು 28,863 ಮಂದಿ.

ಮಿಷಿಗನ್ನಿನಲ್ಲಿ ಅಂಥ ಸಾಲಿರಲಿಲ್ಲ. ಅಲ್ಲಿ ಸುಮಾರು 75 ಸಾವಿರ ಮತಪತ್ರಗಳಲ್ಲಿ ಅಧ್ಯಕ್ಷ ಸ್ಥಾನಕ್ಕೆ ಯಾವ ಮತವೂ ಎಣಿಕೆಗೆ ಬರಲಿಲ್ಲ. ಕೆಲವನ್ನು ಯಂತ್ರವು ಸರಿಯಾಗಿ ಓದದೆ ಹೋಗಿರಬಹುದು. ಆದರೆ ಅವೆಲ್ಲವೂ ಯಂತ್ರದ ದೋಷವೆನ್ನಲಾಗದು. ಮತಗಟ್ಟೆಯವರೆಗೆ ನಡೆದು ಬಂದು, ಸರದಿಯಲ್ಲಿ ನಿಂತು, ಕೆಳಗಿನ ಸ್ಥಾನಗಳಿಗೆಲ್ಲ ಗುರುತು ಮಾಡಿ, ಮೊದಲನೆಯ ಸ್ಥಾನವನ್ನು ಮಾತ್ರ ಬರಿದಾಗಿ ಬಿಟ್ಟು ಹೋದವನನ್ನು ಉದಾಸೀನನೆನ್ನುವುದು ಹೇಗೆ? ಗೆಲುವಿನ ಅಂತರ 10,704 ಎಂಬುದನ್ನು ವಾಚಕರು ನೆನೆಯಬೇಕು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಸಮೀಕ್ಷಕನೆದುರು ಮರ್ಯಾದೆಗಾಗಿ ಅಸಮ್ಮತಿಯನ್ನು ನಟಿಸಿದವರೇ ಇವರಲ್ಲಿ ಬಹುಮಂದಿಯಿರಬಹುದಲ್ಲವೆ ಎಂದು ಕೇಳಬಹುದು. ಕೆಲವರು ಇದ್ದಾರು. ಆದರೆ ನಟಿಸುವವನು ತಾನು ಹಾಕಿದ ಮತವನ್ನೇ ಮರೆಮಾಚುವನು. ಇವರು ಹಾಗೆ ಮಾಡದೆ ‘ಅವನಿಗೇ ಹಾಕಿದೆ, ಅವನು ತಕ್ಕವನಲ್ಲ’ ಎಂದು ಎರಡನ್ನೂ ಒಂದೇ ಕಾಗದದಲ್ಲಿ ಬರೆದುಕೊಟ್ಟರು. ಹಾಗೆ ಬರೆದವರ ಅನುಮಾನವು ಮುಂದಿನ ವರ್ಷಗಳಲ್ಲಿ ಏನಾಯಿತೆಂಬುದು ಬೇರೆಯ ಪ್ರಶ್ನೆ. 2020ರಲ್ಲಿ ಟ್ರಂಪರು ಸೋತರೂ ಅವರ ಮತಗಳು 7 ಕೋಟಿ 40 ಲಕ್ಷವನ್ನು ಮೀರಿದುವು. 2024ರಲ್ಲಿ ಅವರು ಮತ್ತೆ ಗೆದ್ದರು. ಆ ವೇಳೆಗೆ ಅವರನ್ನು ಹೊರಗಿನವರೆನ್ನುವುದಕ್ಕೆ ಅರ್ಥವೂ ಉಳಿದಿರಲಿಲ್ಲ. ಪಕ್ಷವೇ ಅವರದಾಗಿತ್ತು.

ಅಮೆರಿಕದಲ್ಲಿ 1960ರ ಶಾಸನವೊಂದರ ಪ್ರಕಾರ ಅಧ್ಯಕ್ಷ ಚುನಾವಣೆಯ ದಾಖಲೆಗಳನ್ನು 22 ತಿಂಗಳ ಕಾಲ ರಕ್ಷಿಸಿಡಬೇಕು. 2016ರ ಚುನಾವಣೆಗೆ ಸಂಬಂಧಿಸಿದಂತೆ ಆ ಅವಧಿಯು 2018ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮಿಷಿಗನ್ನಿನ ಆ ಬರಿದಾದ ಮತಪತ್ರಗಳನ್ನು ಅಲ್ಲಿಂದಾಚೆಗೆ ಕಾಪಾಡಬೇಕೆಂಬ ಕಟ್ಟಳೆ ಆ ಶಾಸನದಲ್ಲಿಲ್ಲ.