ಮಗುವಿನ ಆಪರೇಷನ್: ಮೊದಲು ಮನಸ್ಸಿಗೆ ಧೈರ್ಯ

ಟಾನ್ಸಿಲ್, ಹರ್ನಿಯಾ ಆಪರೇಷನ್ನಿಗೆಂದು ಸೊಲ್ಲಾಪುರಕ್ಕೆ ಹೊರಟಾಗ ನಾವು ಮಗುವಿಗೆ "ಪೇಟೆಗೆ ಹೋಗೋಣ" ಎಂದು ಸುಳ್ಳು ಹೇಳುವುದುಂಟು. ಸತ್ಯಾಣುವ್ರತ ಅಂಗಡಿಯ ವ್ಯವಹಾರಕ್ಕಷ್ಟೇ ಅಲ್ಲ. 3 ವರ್ಷದೊಳಗಿನವರಿಗೆ ಒಂದೆರಡು ದಿನ ಮುಂಚೆ, ಶಾಲೆಗೆ ಹೋಗುವವರಿಗೆ ಸುಮಾರು ವಾರ ಮುಂಚೆ ತಿಳಿಸೋಣ. "ನೋವೇ ಆಗದು" ಎನ್ನದೆ, "ಸ್ವಲ್ಪ ನೋಯುತ್ತದೆ, ಔಷಧ ಕೊಡುತ್ತಾರೆ" ಎನ್ನೋಣ.

ಎಳೆಯರು ಆಪರೇಷನ್ನನ್ನು ತಮ್ಮ ತಪ್ಪಿಗೆ ಶಿಕ್ಷೆಯೆಂದು ತಿಳಿಯುತ್ತಾರೆ. ಅವರೆದುರು "ಪೂರ್ವಜನ್ಮದ ಕರ್ಮ" ಎಂಬ ಮಾತು ಬೇಡ.

ಊಟ, ಹಸುವಿನ ಹಾಲನ್ನು 6 ಗಂಟೆ ಮೊದಲೇ ನಿಲ್ಲಿಸುವುದು ವ್ರತವಲ್ಲ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯದಿರಲೆಂದು. ಮನೆಯ ನಿಯಮವೆಂದು ಸಂಜೆಯಿಂದಲೇ ನೀರು ಬಿಡಿಸಬೇಡಿ. ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ನೀರು ಕೊಡಬಹುದು, ಡಾಕ್ಟರರನ್ನು ಕೇಳಿಕೊಳ್ಳಿ.

ಇಷ್ಟದ ಗೊಂಬೆ ಜೊತೆಗಿರಲಿ. ಣಮೋಕಾರ ಮಂತ್ರವನ್ನು ಮಗುವಿನೊಡನೆ ನಾವೂ ಹೇಳೋಣ. ನಮ್ಮ ದನಿ ನಡುಗದಿದ್ದರೆ ಮಗುವೂ ಅಂಜದು.